ಕಡೀ ನುಡಿ ಬಿಡದ ಡಿಜೆ

ಸಿಂದಗಿಯ ಇಂಡಿ ರಸ್ತೆಯ ಗೋದಾಮಿನಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು ಗೋಡೆಗೊರಗಿ ನಿಂತಿವೆ, ಒಂದರಿಂದಲೂ ಸದ್ದಿಲ್ಲ. ಅವುಗಳ ನಡುವೆ, ಕಬ್ಬಿಣದ ಮೇಜಿನ ಮುಂದೆ ರಾಜಶ್ರೀ ನಿಂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಹೆಡ್‌ಫೋನಿನ ಒಂದು ಬಟ್ಟಲು ಬಲಗಿವಿಯ ಮೇಲೆ, ಇನ್ನೊಂದು ಎಡಗಿವಿಯ ಹಿಂದೆ. ಎಡಗೈ ಬೆರಳು ಮೇಜಿನ ಮೇಲಿನ ಡಿಜೆ ಯಂತ್ರದ ದುಂಡನೆಯ ತಟ್ಟೆಯೊಂದನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸುತ್ತದೆ. ಬಲಗಾಲು ತಾಳಕ್ಕೆ ಸರಿಯಾಗಿ ಸಿಮೆಂಟ್ ನೆಲ ಬಡಿಯುತ್ತದೆ. ಹೊರಗಿನವರಿಗೆ ಕೇಳುವುದು ಕಾಲುಂಗುರದ ಟಕ್ ಟಕ್ ಮಾತ್ರ.

‘ಕೂಡಿದ್ವು ನೋಡ್ರಿ!’ ಎಂದು ಅವರು ಒಮ್ಮೆಲೇ ಕೂಗುತ್ತಾರೆ.

ಟೆಂಪೊಗೆ ಪೆಟ್ಟಿಗೆ ಏರಿಸುತ್ತಿರುವ ಗಂಡ ಯುವರಾಜ ತಿರುಗಿ ನೋಡುತ್ತಾರೆ. ‘ಯಾರ ಕೂಡಿದ್ರು? ನನಗೇನೂ ಕೇಳಸವಲ್ದು.’

‘ಎರಡೂ ಹಾಡ ಕೂಡಿದ್ವು. ನಿಮಗ ಕೇಳಬೇಕಂದ್ರ ಮಧ್ಯಾಹ್ನ ಮನಗೂಳಿಗೆ ಬರ್ರಿ.’

‘ಟೆಂಪೊ ಹೊಡಿಯಾಂವ ನಾನು. ನಾ ಬರದs ನೀ ಹೆಂಗ ಹೋಗ್ತಿ?’

ಮನಗೂಳಿಯಲ್ಲಿ ಇಂದು ಒಂದು ಕುಬಸ. ಸೀಮಂತಕ್ಕೆ ಈ ಕಡೆಯವರು ಹೇಳುವ ಹೆಸರು ಅದು. ಬಸುರಿಯ ತಾಯಿ ಸುವರ್ಣಾ ಫೋನಿನಲ್ಲಿ ಇಟ್ಟ ಕರಾರು ಗೋದಾಮಿನಲ್ಲಿ ಎಲ್ಲರಿಗೂ ಬಾಯಿಪಾಠವಾಗಿದೆ: ‘ಗಂಡಸ್ರು ಡಿಜೆ ಹಚ್ಚಿದ್ರ ನಮ್ಮ ಹೆಣ್ಮಕ್ಕಳು ಗ್ವಾಡಿಗೆ ಹತ್ತಿ ನಿಂದರ್ತಾರ. ಕುಣಿಯೂದು ದೂರ ಉಳೀತು. ಹೆಣ್ಮಗಳು ಇದ್ರ ಕಳಸ್ರಿ, ಇಲ್ಲಂದ್ರ ನಿಮ್ಮ ಸೌಂಡs ಬ್ಯಾಡ.’

ಸೌಂಡ್ ಸರ್ವಿಸ್‌ನ ಮಾಲೀಕ ಫಯಾಜ ಒಪ್ಪಿಕೊಂಡಿದ್ದಾರೆ. ರಾಜಶ್ರೀ ಒಬ್ಬರೇ ಡಿಜೆ ನಡೆಸುವುದು ಇದೇ ಮೊದಲು. ಫಯಾಜರದೂ ಒಂದು ಕರಾರಿದೆ. ‘ತಂಗಿ, ನಾ ಹೊರಗ ಟೆಂಪೊ ಹತ್ರ ಇರ್ತೇನಿ. ಸೌಂಡ್ ನಿಂತ್ರ ಒಳಗ ಬರ್ತೇನಿ. ನಾ ಒಳಗ ಬಂದ್ನಿ ಅಂದ್ರ ನಿನ್ನ ಡಿಜೆ ಅಲ್ಲಿಗೆ ಮುಗೀತು, ಮತ್ತ ವಾಯರ್ ಸುತ್ತೂದs ಗತಿ.’

ವಾಯರ್ ಸುತ್ತುವುದು ರಾಜಶ್ರೀ ಅವರಿಗೆ ಹೊಸದಲ್ಲ. ಇಂಡಿ ತಾಲ್ಲೂಕಿನ ತಾಂಬಾದ ಕುರಿಗಾರರ ಮನೆಯಲ್ಲಿ ಹುಟ್ಟಿದ ಅವರು ಮದುವೆಯಾಗಿ ಸಿಂದಗಿಗೆ ಬಂದರು. ಗಂಡನಿಗೆ ಬುತ್ತಿ ಕೊಡಲು ಗೋದಾಮಿಗೆ ಬರುತ್ತಿದ್ದವರು ಬೆಸುಗೆ ಹಾಕುವುದನ್ನು ನೋಡುತ್ತ ನಿಂತರು. ನೋಡುತ್ತ ನಿಂತವರು ಕೂತು ಕಲಿತರು. ಈಗ ಲಗ್ನದ ಹಂಗಾಮಿನಲ್ಲಿ ದಿನಕ್ಕೆ ಇಪ್ಪತ್ತು, ಮೂವತ್ತು ವಾಯರ್‌ಗಳು ಅವರ ಕೈ ದಾಟಿ ಹೋಗುತ್ತವೆ. ತುದಿ ಕಿತ್ತವಕ್ಕೆ ಬೆಸುಗೆ, ಗಂಟು ಬಿದ್ದವಕ್ಕೆ ಬಿಡುಗಡೆ, ಧೂಳು ಕುಡಿದ ಸ್ಪೀಕರ್‌ಗೆ ಬ್ರಷ್. ಮುದ್ದೇಬಿಹಾಳದಿಂದ ಇಂಡಿಯವರೆಗೆ ಆ ಪೆಟ್ಟಿಗೆಗಳ ಮುಂದೆ ಕುಣಿದವರಾರೂ ಅವರನ್ನು ಕಂಡಿಲ್ಲ.

ಕಳೆದ ವರ್ಷ ಫಯಾಜ ಹಾಡು ಬೆರೆಸುವ ಹೊಸ ಯಂತ್ರ, ಕಂಟ್ರೋಲರ್ ತಂದು, ಹಳೆಯದನ್ನು ಮೂಲೆಗಿಟ್ಟರು. ಅದನ್ನು ಒರೆಸಲು ಎತ್ತಿಕೊಂಡ ರಾಜಶ್ರೀ ಕೇಳಿದ ಮೊದಲ ಪ್ರಶ್ನೆ, ‘ಅಣ್ಣಾ, ಇದರಾಗ ಹಾಡ ಎಲ್ಲದಾವ?’

ಹಾಡು ಅದರೊಳಗಿಲ್ಲ. ಹಾಡೆಲ್ಲ ಇರುವುದು ಲ್ಯಾಪ್‌ಟಾಪಿನಲ್ಲಿ. ಯಾವ ಬಟನ್ ಒತ್ತಿದರು, ಯಾವ ಜಾರುಪಟ್ಟಿಯನ್ನು ಎಷ್ಟು ಸರಿಸಿದರು ಎಂಬ ಸುದ್ದಿಯನ್ನಷ್ಟೇ ಕಂಟ್ರೋಲರ್ ಲ್ಯಾಪ್‌ಟಾಪಿಗೆ ಮುಟ್ಟಿಸುತ್ತದೆ. ಆ ಸುದ್ದಿಯ ಭಾಷೆಗೆ ಮಿಡಿ ಎಂದು ಹೆಸರು. ರಾಜಶ್ರೀ ತಮ್ಮದೇ ಮಾತಿನಲ್ಲಿ ಹೇಳುತ್ತಾರೆ, ‘ಎತ್ತು ಅಲ್ಲೈತ್ರಿ, ಹಗ್ಗ ಇಲ್ಲೈತಿ. ಹಗ್ಗ ಜಗ್ಗೂದು ಕಲತ್ರ ಆತು.’

ಹಗ್ಗ ಎಳೆಯುವುದರಲ್ಲಿ ಮೂರು ಪಾಠ. ಮೊದಲನೆಯದು ವೇಗ: ಒಂದು ಹಾಡು ಸ್ಪೀಕರಿನಲ್ಲಿ ನಡೆಯುತ್ತಿರುವಾಗ ಮುಂದಿನದನ್ನು ಹೆಡ್‌ಫೋನಿನಲ್ಲಿ ಕೇಳುತ್ತ, ಪಕ್ಕದ ಪಟ್ಟಿ ಸರಿಸಿ ಎರಡರ ನಡಿಗೆ ಒಂದಾಗಿಸಬೇಕು. ಎರಡನೆಯದು ತೂಕ: ಎರಡು ಹಾಡಿನ ದಪ್ಪ ದನಿ ಒಟ್ಟಿಗೆ ಬಂದರೆ ಗದ್ದಲವಾಗುತ್ತದೆ, ಒಂದರದನ್ನು ಇಳಿಸುತ್ತ ಇನ್ನೊಂದರದನ್ನು ಏರಿಸಬೇಕು. ‘ಎರಡು ಡೊಳ್ಳು ಒಮ್ಮಿಗೇ ಮಾತಾಡಬಾರದು’ ಎಂದುಕೊಂಡು ರಾಜಶ್ರೀ ಇದನ್ನು ಬೇಗ ಹಿಡಿದರು. ಮೂರನೆಯದು ನಡೆಯುತ್ತಿರುವ ಹಾಡನ್ನು ನಡುವೆಯೇ ಬಿಟ್ಟು ಮುಂದಿನದಕ್ಕೆ ದಾಟುವುದು. ಅಲ್ಲಿ ಅವರು ಹೂತುಹೋದರು.

ಕಾರಣ ಅವರ ತವರುಮನೆಯಲ್ಲಿದೆ. ತಂದೆ ಧೂಳಪ್ಪ ಡೊಳ್ಳಿನ ಪದ ಕಟ್ಟಿ, ಎದುರು ಮೇಳದೊಂದಿಗೆ ರಾತ್ರಿಯಿಡೀ ಪೈಪೋಟಿಯಲ್ಲಿ ಹಾಡುವವರು. ಈ ಸೀಮೆಯಲ್ಲಿ ಪದದ ಕಡೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಊರಿನ ಹೆಸರು, ಕವಿಯ ಹೆಸರು ಬರಬೇಕು. ಇವತ್ತು ಸ್ಟುಡಿಯೊದಲ್ಲಿ ಮಾಡುವ ಜಾನಪದ ಹಾಡುಗಳೂ ಅದನ್ನು ಬಿಟ್ಟಿಲ್ಲ. ಕಡೀ ನುಡಿ ಹಾಡದೆ ಎದ್ದರೆ ಪದ ಕಟ್ಟಿದವನ ಹೆಸರು ಅಳಿಸಿದಂತೆ ಎಂದು ರಾಜಶ್ರೀ ಸಣ್ಣವರಿದ್ದಾಗಿನಿಂದ ಕೇಳಿದ್ದಾರೆ.

ಕನ್ನೊಳ್ಳಿಯ ಮದುವೆ ಮನೆಯೊಂದರಲ್ಲಿ ಫಯಾಜ ಅವರ ಕೈಗೆ ಸ್ವಲ್ಪ ಹೊತ್ತು ಹೆಡ್‌ಫೋನ್ ಕೊಟ್ಟರು. ಕುಣಿತ ಕಾವೇರಿತ್ತು. ಹಾಡು ನಡುವಿಗೆ ಬಂತು, ದಾಟಬೇಕಾದ ಜಾಗವೂ ಬಂತು. ರಾಜಶ್ರೀ ದಾಟಲಿಲ್ಲ, ಹೆಸರು ಬರಲಿ ಎಂದು ಕಾದರು. ಹೆಸರು ಬರುವ ಹೊತ್ತಿಗೆ ಕುಣಿಯುವವರ ಕಾಲು ಸೋತಿದ್ದವು. ಹಾಡು ಮುಗಿಯಿತು. ಮುಂದಿನದನ್ನು ಎತ್ತುವಷ್ಟರಲ್ಲಿ ಹಂದರದ ತುಂಬ ಮೌನ. ‘ಏ, ಕರೆಂಟ ಹೋತೇನ?’ ಎಂದು ಯಾರೋ ಕೂಗಿದರು. ಫಯಾಜ ಹೆಡ್‌ಫೋನ್ ಕಸಿದುಕೊಂಡರು.

‘ಮಂಗಳಾರತಿ ತನಕ ಕುಂದ್ರಾಕ ಇದೇನ ಭಜನಿ ಅಲ್ಲ ತಂಗಿ!’

‘ಹೆಸರ ಬರೂಕಿಂತ ಮೊದಲ ಹೆಂಗ ಬಿಡ್ಲಿ ಅಣ್ಣಾ?’

‘ಕಡೀ ನುಡಿ ಅಂತ ನೀನs ಅಂತಿ. ಕಡಿ ಅಂದ್ಮ್ಯಾಲ ಕಡೀಬೇಕು!’

ಸುತ್ತ ಇದ್ದವರೆಲ್ಲ ನಕ್ಕರು. ರಾಜಶ್ರೀ ನಗಲಿಲ್ಲ. ಮುಂದಿನ ವಾರ ತಾಂಬಾಕ್ಕೆ ಹೋದಾಗ ತಂದೆಯ ಮುಂದೆ ಅದನ್ನೇ ಹೇಳಿಕೊಂಡರು. ಧೂಳಪ್ಪ ಕುರಿ ಹಟ್ಟಿಯ ಬಾಗಿಲಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

‘ಪದಾ ಪೂರಾ ಹಾಡಬೇಕಂತ ಯಾರ ಹೇಳ್ಯಾರ ನಿನಗ?’ ಎಂದರು. ‘ಎದುರ ಮೇಳದಾಂವ ಡೊಳ್ಳ ಎತ್ತಿ ನಿಂತಿರ್ತಾನ, ಹೊತ್ತ ಮೂಡಾಕ ಬಂದಿರ್ತೈತಿ. ಆಗ ನಡುಕಿನ ನಾಕ ನುಡಿ ನುಂಗಿಬಿಡ್ತಿದ್ವಿ. ಕಡೀದಕ್ಕ ಜಿಗಿದು, ಹೆಸರ ಹೇಳಿ ಕೆಳಗ ಇಳೀತಿದ್ವಿ. ನಡುಕಿಂದು ಬಿಟ್ರ ಯಾರಿಗೂ ತಿಳಿಯೂದಿಲ್ಲ. ಕಡೀದು ಬಿಟ್ರ ಊರಿಗೇ ತಿಳೀತೈತಿ.’

‘ಜಿಗಿದು’ ಎಂಬ ಮಾತು ಕೇಳಿದ್ದೇ ತಡ, ರಾಜಶ್ರೀ ಎದ್ದು ನಿಂತರಂತೆ. ಕಂಟ್ರೋಲರಿನ ತಳದಲ್ಲಿ ರಬ್ಬರಿನ ಚೌಕ ಬಟನ್‌ಗಳ ಸಾಲಿದೆ. ಹಾಡಿನ ಯಾವುದಾದರೂ ಜಾಗಕ್ಕೆ ಗುರುತು ಹಾಕಿಟ್ಟು ಒತ್ತಿದರೆ ಹಾಡು ಅಲ್ಲಿಗೇ ಜಿಗಿಯುತ್ತದೆ. ಫಯಾಜ ಅದನ್ನು ಅವರಿಗೆ ಯಾವಾಗಲೋ ತೋರಿಸಿದ್ದರು. ಅದು ಯಾತಕ್ಕೆ ಬೇಕೆಂದು ಅವರಿಗೆ ಹೊಳೆದದ್ದು ಹಟ್ಟಿಯ ಬಾಗಿಲಲ್ಲಿ. ಸಿಂದಗಿಗೆ ಮರಳಿದವರು ಹಾಡಿನ ಮೇಲೆ ಹಾಡು ಕೇಳಿ, ಪ್ರತಿಯೊಂದರ ಕಡೀ ನುಡಿಗೆ ಗುರುತು ಹಾಕಿದರು. ಮಗಳ ಹುರುಪು ಕಂಡು ಧೂಳಪ್ಪನೂ ತಮ್ಮದೊಂದು ಪದ ಹಾಡಿದ್ದರು. ಡೊಳ್ಳಿನ ಸಮೇತ ಅದು ರಾಜಶ್ರೀ ಅವರ ಮೊಬೈಲಿನಲ್ಲಿ ಸಿಂದಗಿಗೆ ಬಂದಿತ್ತು.

ಮನಗೂಳಿ ತಲುಪಿದಾಗ ಉಡಿ ತುಂಬುವ ಕಾರ್ಯ ನಡೆದಿದೆ. ಹಸಿರು ಸೀರೆ, ಕೈತುಂಬ ಹಸಿರು ಬಳೆಯ ಸುವರ್ಣಾ ಅವರ ಮಗಳು ಮಣೆಯ ಮೇಲೆ. ಹಿರಿಯರು ಸೋಬಾನ ಹೇಳಿ ಆರತಿ ಎತ್ತುತ್ತಾರೆ. ಗಂಡಸರು ಊಟ ಮುಗಿಸಿ ಹೊರಗೆ ನಡೆಯುತ್ತಾರೆ, ಹಿತ್ತಲ ಬಾಗಿಲು ಮುಚ್ಚುತ್ತದೆ. ಹಿತ್ತಲಿನ ಹಂದರದಲ್ಲಿ ಈಗ ಹೆಂಗಸರಷ್ಟೇ. ಆದರೂ ಎಲ್ಲರೂ ಗೋಡೆಗೇ ಅಂಟಿ ನಿಂತಿದ್ದಾರೆ.

‘ಗೋದಾಮದಾಗ ನಾ ಒಬ್ಬಾಕಿ ಕೇಳಿಸಿಕೊಂಡಿದ್ದೆ. ಇಲ್ಲಿ ಎಲ್ಲಾರಿಗೂ ಕೇಳಸ್ತೈತಲ್ರಿ’ ಎನ್ನುತ್ತಾರೆ ರಾಜಶ್ರೀ.

ಮೊದಲ ಹಾಡಿಗೆ ನಾಲ್ಕು ಕೈ ಚಪ್ಪಾಳೆ. ಎರಡನೆಯದು ಅದರ ಬಗಲಿಗೆ ಸದ್ದಿಲ್ಲದೆ ಬಂದು ಸೇರುತ್ತದೆ. ಮಗಳ ಗೆಳತಿಯರು ಒಬ್ಬರನ್ನೊಬ್ಬರು ದೂಡುತ್ತ ನಡುವಿಗೆ ಬರುತ್ತಾರೆ. ಕುಣಿತ ಏರುತ್ತಿದ್ದಂತೆ ರಾಜಶ್ರೀ ರಬ್ಬರ್ ಬಟನ್ ಒತ್ತುತ್ತಾರೆ. ಹಾಡು ಜಿಗಿದು ಕಡೀ ನುಡಿಗೆ ಬೀಳುತ್ತದೆ. ಕನ್ನೊಳ್ಳಿ ಊರು, ಇಂಥವನು ಬರೆದ ಹಾಡು ಎಂದು ದನಿ ಮೊಳಗುತ್ತದೆ.

‘ಏ, ನಮ್ಮ ತವರೂರs!’ ಗೋಡೆಯ ಬಳಿಯಿಂದ ಒಂದು ಚೀರು. ಊಟದ ತಟ್ಟೆ ಪಕ್ಕದವಳ ಕೈಗೆ ಕೊಟ್ಟು ರೇಣವ್ವ ಎಂಬ ಹೆಂಗಸು ನಡುವಿಗೆ ನುಗ್ಗುತ್ತಾರೆ. ಮುಂದಿನ ಹಾಡಿನ ಕಡೀ ನುಡಿಗೆ ಇನ್ನೊಂದು ಊರು, ಇನ್ನೊಬ್ಬ ಸೊಸೆ. ಆಮೇಲೆ ಹೆಂಗಸರು ಕಾಯತೊಡಗುತ್ತಾರೆ. ‘ನಮ್ಮೂರ ಬರಲಿಲ್ಲಲ್ಲಬೇ ಇನ್ನಾ!’ ‘ನಿಮ್ಮೂರಾಗ ಕವಿ ಎಲ್ಲದಾರ, ಬರೇ ಜಗಳಗಂಟ್ರು!’ ಕನ್ನೊಳ್ಳಿಯಲ್ಲಿ ಯಾವುದಕ್ಕೆ ನಗೆಪಾಟಲಾಗಿದ್ದರೋ ಅದಕ್ಕೇ ಇಲ್ಲಿ ಹಂದರ ಕುಣಿಯುತ್ತಿದೆ.

ಆಗ ಸುವರ್ಣಾ ಅವರ ಅತ್ತೆ ಶೆಟ್ಟೆವ್ವ ಕುರ್ಚಿಯಿಂದಲೇ ಕೋಲು ಎತ್ತುತ್ತಾರೆ. ‘ಏ ಹುಡುಗಿ, ಹುಡುಗ್ಯಾರ್ದು ಭಾಳ ಆತು. ಡೊಳ್ಳಿಂದು ಹಚ್ಚು.’

ಡೊಳ್ಳಿನ ಪದ ಅಂದರೆ ತಂದೆಯದೊಂದೇ. ಎರಡು ಹಾಡಿನ ವೇಗ ತಾನೇ ಹೊಂದಿಸುವ ಬಟನ್ ಕಂಟ್ರೋಲರಿನಲ್ಲಿ ಇದೆ. ಆದರೆ ಅದು ಯಂತ್ರದ ತಾಳಕ್ಕೆ ಸರಿ. ಡೊಳ್ಳು ಬಾರಿಸುವ ಮನುಷ್ಯ ಹುರುಪಿಗೆ ಬಂದಂತೆ ಓಡುತ್ತಾನೆ. ರಾಜಶ್ರೀ ಆ ಬಟನ್ ಬಂದ್ ಮಾಡುತ್ತಾರೆ. ಒಂದು ಕೈ ವೇಗದ ಪಟ್ಟಿಯ ಮೇಲೆ, ಒಂದು ಕೈ ತಟ್ಟೆಯ ಮೇಲೆ. ನಡೆಯುತ್ತಿದ್ದ ಹಾಡಿನ ದಪ್ಪ ದನಿ ಇಳಿಯುತ್ತದೆ, ಇನ್ನೂ ಇಳಿಯುತ್ತದೆ. ಹಂದರದಲ್ಲಿ ಉಳಿದದ್ದು ತೆಳ್ಳನೆಯ ತಾಳದ ಚಿಟಿಚಿಟಿ ಮಾತ್ರ. ಕುಣಿಯುವ ಕಾಲುಗಳು ತಡವರಿಸುತ್ತವೆ. ಹೊರಗೆ ಟೆಂಪೊ ಬಳಿ ಫಯಾಜ ಸೆಟೆದು ನಿಲ್ಲುತ್ತಾರೆ, ಬಾಗಿಲತ್ತ ಹೆಜ್ಜೆ ಇಡುತ್ತಾರೆ. ಯುವರಾಜ ಅವರ ತೋಳು ಹಿಡಿದು ಹೇಳಿದ್ದು ಇಷ್ಟೇ: ‘ತಡೀರಿ ಅಣ್ಣಾ. ಆಕಿ ಕಾಲು ಇನ್ನಾ ಬಡ್ಯಾಕತ್ತಿರ್ತೈತಿ.’

ಡೊಳ್ಳಿನ ಪೆಟ್ಟು ಬೀಳುತ್ತದೆ. ತಾಳದ ಮೇಲೆಯೇ ಬೀಳುತ್ತದೆ. ಅದು ಓಡಿದಂತೆ ರಾಜಶ್ರೀ ಅವರ ಬೆರಳು ಕೆಳಗಿನ ತಾಳವನ್ನು ಅದರ ಹಿಂದೆ ಓಡಿಸುತ್ತದೆ. ಹೊರಗಿನ ಗಂಡಸರಿಗೂ ಕಾಲು ನಿಲ್ಲುತ್ತಿಲ್ಲ. ಒಳಗೆ ಶೆಟ್ಟೆವ್ವ ಕೋಲನ್ನು ಸೊಸೆಗೆ ಕೊಟ್ಟು, ಕುರ್ಚಿಯ ಹಿಡಿಕೆ ಹಿಡಿದು ನಿಂತೇ ಭುಜ ಕುಣಿಸುತ್ತಾರೆ. ಕೊನೆಗೆ ರಬ್ಬರ್ ಬಟನ್, ಒಂದು ಜಿಗಿತ: ‘ತಾಂಬಾ ಊರ ಐತಿ ಚಂದಾ, ಧೂಳಪ್ಪ ಕಟ್ಟ್ಯಾನೊ ಪದಾ...’ ತಾಂಬಾದ ಹೆಣ್ಣುಮಕ್ಕಳು ಅಲ್ಲಿ ಯಾರೂ ಇರಲಿಲ್ಲ. ಕೇಕೆ ಹಾಕಿದವರು ಕಂಟ್ರೋಲರ್ ಹಿಂದೆ ನಿಂತವರೊಬ್ಬರೇ.

ಫಯಾಜ ಒಳಗೆ ಬಂದದ್ದು ಎಲ್ಲ ಮುಗಿದ ಮೇಲೆ, ಪೆಟ್ಟಿಗೆ ಹೊರಲು. ‘ಹೆಸರ ಹೇಳಿಸಿ ಹೇಳಿಸಿ ಮಂದೀಗೆ ಹುಚ್ಚ ಹಿಡಿಸಿಬಿಟ್ಟಿ ಬಿಡು’ ಎಂದು ಹೋಳಿಗೆ ಮುರಿಯುತ್ತಾರೆ. ಬಸವನ ಬಾಗೇವಾಡಿಯಿಂದ ಬಂದ ಒಬ್ಬರು ತಮ್ಮ ಮನೆಯ ಕುಬಸಕ್ಕೆ ಡಿಜೆ ಯಾವ ದಿನ ಸಿಗುತ್ತದೆ ಎಂದು ಅವರನ್ನು ಕೇಳುತ್ತಾರೆ. ‘ನನ್ನ ಯಾಕ ಕೇಳ್ತೀರಿ? ಡಿಜೆ ಅಲ್ಲದಾಳ’ ಎಂದು ಫಯಾಜ ರಾಜಶ್ರೀ ಕಡೆ ಕೈ ತೋರಿಸುತ್ತಾರೆ.

ಡಿಜೆ ಆಗ ನೆಲದ ಮೇಲೆ ಕೂತು ವಾಯರ್ ಸುತ್ತುತ್ತಿದ್ದಾರೆ. ಶೆಟ್ಟೆವ್ವ ಕೋಲೂರಿಕೊಂಡು ಬಂದು ತಲೆಯ ಮೇಲೆ ಕೈಯಿಡುತ್ತಾರೆ. ‘ಎಲ್ಲಾರ ಹೆಸರ ಕೇಳಿದ್ವಿ. ನಿನ್ನ ಹೆಸರ ಯಾವಾಗ ಹೇಳ್ತೀಬೇ?’

ರಾಜಶ್ರೀ ಸುತ್ತುವ ಕೈ ನಿಲ್ಲಿಸದೆ ನಗುತ್ತಾರೆ. ‘ಈಗs ಯಾಕ್ರಿ ಆಯಿ? ಇವತ್ತ ಮೊದಲನೆ ನುಡಿ ಎತ್ತೇನಿ. ಹೆಸರ ಕಡೀ ನುಡಿಯಾಗ ಬರ್ತೈತಿ.’