ಕೊಳ್ಳದ ದಾರಿಯ ಮೂರನೇ ಕೂಗು

ಬೆಳಿಗ್ಗೆ ನಮ್ಮವರು ಸ್ನಾನಕ್ಕೆ ಹೋಗಿದ್ದಾಗ ಅವರ ಮೊಬೈಲು ಒಂದೇ ಒಂದು ಸಲ ರಿಂಗಾಯಿತು. ರೊಟ್ಟಿ ತಟ್ಟುತ್ತಿದ್ದ ನಾನು ಹಿಟ್ಟಿನ ಕೈಯಲ್ಲೇ ಓಡಿಹೋಗಿ ಎತ್ತಿದೆ. ಆ ಕಡೆ ತಾಂಬಾ ಊರಿನ ರೈತನೊಬ್ಬ, "ಮತ್ತ ಎತ್ತಿದ್ರಿ ಅಕ್ಕಾರ? ನಾ ಮಿಸ್ ಕಾಲ್ ಕೊಟ್ಟಿದ್ನಿರಿ" ಎಂದು ಗೋಳಾಡಿದ. ಇಂಡಿಯಲ್ಲಿ ನಮ್ಮದು ನಿಂಬೆಹಣ್ಣಿನ ವ್ಯಾಪಾರ. ಒಂದು ಸಲ ರಿಂಗ್ ಕೊಟ್ಟು ಬಿಟ್ಟರೆ ಹಣ್ಣು ಗಾಡಿಗೆ ಹೇರಿಯಾಯಿತು ಎಂದು ಅರ್ಥ. ಎತ್ತಬಾರದು, ಎತ್ತಿದರೆ ಪಾಪ, ಅವನ ದುಡ್ಡು ದಂಡ. ಇಡೀ ತಾಲೂಕಿಗೆ ಗೊತ್ತಿರುವ ಈ ಮಾತು ನನಗೂ ಗೊತ್ತು. ಆದರೆ ಕೈ ಕೇಳಬೇಕಲ್ಲ!

ತಲೆ ಒರೆಸಿಕೊಳ್ಳುತ್ತ ಬಂದ ನಮ್ಮವರು ಸಿಟ್ಟಾಗಲಿಲ್ಲ. ಮೊದಲನೇ ಸಲಕ್ಕೇ ಯಾಕೆ ಹಾಗೆ ಬೆಚ್ಚಿಬಿದ್ದು ಓಡುತ್ತೀ ಎಂದು ಮಾತ್ರ ಕೇಳಿದರು. ಮದುವೆಯಾಗಿ ಇಷ್ಟು ವರ್ಷ ಅವರಿಗೆ ಹೇಳದೇ ಇದ್ದದ್ದನ್ನು ಇವತ್ತು ಹೇಳಿಬಿಟ್ಟೆ. ನಿಮಗೂ ಹೇಳುತ್ತೇನೆ. ಚಹಾ ಇಟ್ಟುಕೊಂಡು ಕೂತುಕೊಳ್ಳಿ, ನನ್ನ ಮಾತು ಗಾಡಿದಾರಿಯ ಹಾಗೆ, ಸುತ್ತು ಹಾಕಿಯೇ ಊರು ಸೇರುವುದು.

ತೊಂಬತ್ತರ ದಶಕದ ಮಾತು. ನಾನು ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದಿದ್ದೆ. ಮನೆಯಲ್ಲಿ ನನ್ನ ಮುಖ ನೋಡಿದರೆ ಅಪ್ಪನಿಗೆ ಉಣ್ಣುವ ಅನ್ನ ಇಳಿಯುತ್ತಿರಲಿಲ್ಲ. ಹಾಗಾಗಿ ನನ್ನನ್ನು ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಗೆ, ಅವನ ತಂಗಿ ನೀಲವ್ವತ್ತೆಯ ಮನೆಗೆ ಕಳಿಸಿದ. ಅತ್ತೆ ಮಕ್ಕಳಿಲ್ಲದವಳು, ಗಂಡ ತೀರಿಕೊಂಡವಳು, ನಾಲ್ಕು ಆಡು ಕಟ್ಟಿಕೊಂಡು ಇದ್ದವಳು. ಜಗಳಕ್ಕೆ ನಿಂತರೆ ಗೌಡರನ್ನೂ ಬಿಡುತ್ತಿರಲಿಲ್ಲ. ನನಗಂತೂ ಅವಳೆಂದರೆ ಜೀವ.

ಊರಿಗೂ ಡಾಂಬರು ರಸ್ತೆಗೂ ನಡುವೆ ಎರಡು ಗುಡ್ಡ, ಗುಡ್ಡಗಳ ನಡುವೆ ಒಂದು ಕೊಳ್ಳ. ಬಾಗೇವಾಡಿ ಬಸ್ಸು ಹಿಡಿಯಬೇಕೆಂದರೆ ಒಂದೋ ಗುಡ್ಡ ಸುತ್ತುವ ಗಾಡಿದಾರಿ, ಇಲ್ಲವೇ ಕೊಳ್ಳದಲ್ಲಿ ಇಳಿದು ಏರುವ ಕಾಲುದಾರಿ. ಇವೆರಡನ್ನು ಬಿಟ್ಟರೆ ಗುಡ್ಡದ ತುಂಬ ಆಡಿನ ದಾರಿಗಳು. ಇವುಗಳನ್ನು ನಂಬಬಾರದು. ಮನುಷ್ಯರು ನಡೆದ ದಾರಿಯ ಹಾಗೇ ಕಾಣುತ್ತವೆ, ನಿಮ್ಮನ್ನು ಅರ್ಧ ಗುಡ್ಡ ಕರೆದುಕೊಂಡು ಹೋಗುತ್ತವೆ, ಆಮೇಲೆ ಒಂದು ಮುಳ್ಳಿನ ಬಾರಿಗಿಡದ ಬುಡದಲ್ಲಿ ನುಸುಳಿ ಹೋಗುತ್ತವೆ. ಆಡು ದಾಟುತ್ತದೆ, ನೀವು ಮುಳ್ಳಿನಲ್ಲಿ ನಿಲ್ಲುತ್ತೀರಿ.

ಕೊಳ್ಳದಲ್ಲಿ ದನಿ ನಿಲ್ಲುವ ರೀತಿಯೇ ಬೇರೆ. ಮೇಲೆ ಗಾಳಿ ಬೀಸುತ್ತಿದ್ದರೂ ಕೆಳಗೆ ಇಳಿದರೆ ಎಲೆ ಅಲುಗುವುದಿಲ್ಲ. ಎಲ್ಲೋ ಕಲ್ಲು ಉರುಳಿದರೆ ಬೆನ್ನ ಹಿಂದೆಯೇ ಉರುಳಿದ ಹಾಗೆ ಕೇಳುತ್ತದೆ. ಊರಿನವರು ಅಲ್ಲಿ ಯಾರೂ ಯಾರ ಹೆಸರನ್ನೂ ಕೂಗುತ್ತಿರಲಿಲ್ಲ. ತಮ್ಮ ಹೆಸರು ಕೇಳಿಸಿದರೂ ಮೂರು ಸಲ ಆಗುವವರೆಗೆ ಓ ಅನ್ನುತ್ತಿರಲಿಲ್ಲ. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ, ಇನ್ನೊಂದಕ್ಕೆ ಎರಡೇ ಸಲ ಬಾಯಿ ಎಂದು ನಂಬಿಕೆ. ಆ ಇನ್ನೊಂದು ಏನೆಂದು ನಾನು ಕೇಳಿದೆ. ಯಾರೂ ಹೇಳಲಿಲ್ಲ.

ಆದರೆ ನಮ್ಮ ಅತ್ತೆ ನೋಡಿ, ಕೊಳ್ಳಕ್ಕೆ ಇಳಿದ ಕ್ಷಣದಿಂದ ಎಲ್ಲದಕ್ಕೂ ಓಗೊಡುತ್ತಿದ್ದಳು! ನವಿಲು ಕೂಗಿದರೆ "ಓ, ಬಂದ್ನಿ." ಕಲ್ಲು ಜಾರಿದರೆ "ಓ, ಬಂದ್ನಿ." ಏನೂ ಕೇಳಿಸದೇ ಇದ್ದಾಗಲೂ ಒಮ್ಮೊಮ್ಮೆ ನಿಂತು, ಕಿವಿ ಕೊಟ್ಟು, ಮೆಲ್ಲಗೆ "ಓ" ಎನ್ನುತ್ತಿದ್ದಳು. ಆ ಮೆಲ್ಲಗಿನ ಓ ಕೇಳಿದರೆ ನನ್ನ ಮೈಮೇಲೆ ಮುಳ್ಳೇಳುತ್ತಿತ್ತು. ಹತ್ತಿರ ಇರುವವರಿಗೆ ಮಾತ್ರ ಹಾಗೆ ಅನ್ನುತ್ತಾರಲ್ಲ, ಅದಕ್ಕೆ. ಗಾಡಿದಾರಿಯಲ್ಲಿ ಹೋಗೋಣ ಅತ್ತೆ ಎಂದು ಎಷ್ಟು ಗೋಗರೆದರೂ ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ಅವಳೇ ಹೇಳಿದಳು. ಮಾವ, ಅವಳ ಗಂಡ, ಒಂದು ದಿನ ಆಡು ಮೇಯಿಸಲು ಹೋಗಿದ್ದ. ಇವಳು ಕಟ್ಟಿಗೆಗೆಂದು ಅದೇ ಕೊಳ್ಳದ ಈಚೆ ಏರಿನಲ್ಲಿ ಇದ್ದಳು. ಹೊತ್ತು ಮುಳುಗುತ್ತಿತ್ತು. ಕೆಳಗಿನಿಂದ "ನೀಲಾ" ಎಂದು ಕೂಗು ಬಂತು. ಮಾವನದೇ ದನಿ.

ನಮ್ಮ ಕಡೆ ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ, ನಿಮಗೆ ಗೊತ್ತಿದ್ದದ್ದೇ. ಏ, ಕೇಳಿಲ್ಲಿ, ಎಲ್ಲಿ ಹ್ವಾದಿ, ಅಷ್ಟರಲ್ಲೇ ಸಂಸಾರ ಮುಗಿಯುತ್ತದೆ. ನಮ್ಮವರೂ ನನ್ನ ಹೆಸರು ಹೇಳಿದ್ದು ಮದುವೆಯಲ್ಲಿ, ಹೆಂಗಸರು ಬಾಗಿಲು ಅಡ್ಡಗಟ್ಟಿ ಹೆಸರು ಕಟ್ಟಿದ ಒಡಪು ಹೇಳಿಸಿದಾಗ, ಅದೂ ನುಂಗಿ ನುಂಗಿ. ಮಾವನೂ ಅಂಥವನೇ. ಅಂಥವನ ದನಿಯಲ್ಲಿ ತನ್ನ ಹೆಸರು ಕೇಳಿದ ಕೂಡಲೇ ಅತ್ತೆಗೆ ಖಾತ್ರಿಯಾಯಿತು, ಇದು ಅವನಲ್ಲ. ಇನ್ನೊಂದು ಸಲ "ನೀಲಾ" ಎಂದಿತು. ಸೆರಗು ಬಾಯಿಗೆ ತುರುಕಿಕೊಂಡು ಮೂರನೆಯದಕ್ಕೆ ಕಾದಳು. ಬರಲಿಲ್ಲ. ನೋಡು, ಆ ಇನ್ನೊಂದೇ ಇದು, ಎಂದುಕೊಂಡು ಕಟ್ಟಿಗೆ ಅಲ್ಲೇ ಒಗೆದು ಮನೆಗೆ ಓಡಿದಳು.

ಆಡು ಬಂದವು, ಮಾವ ಬರಲಿಲ್ಲ. ಮರುದಿನ ಬೆಳಿಗ್ಗೆ ಒಂದು ಚಪ್ಪಡಿಗಲ್ಲಿನ ಕೆಳಗೆ ಸಿಕ್ಕ. ಮೇಲಿನಿಂದ ಬಿದ್ದಿದ್ದ. ಕಂಬಳಿ ಮಡಿಚಿ ತಲೆಯ ಕೆಳಗೆ ಇಟ್ಟುಕೊಂಡಿದ್ದನಂತೆ.

"ಬಿದ್ದ ಕೂಡಲೇ ಹೋದವರು ಕಂಬಳಿ ಮಡಚ್ತಾರೇನ?" ಎಂದಳು ಅತ್ತೆ. "ಹಾದಿ ಕಾದಾರ ಅವರು. ಮೂರನೇದು ಇನ್ನ ಕರದಿಲ್ಲ. ಕರದಾಗ ನಾ ಇರಬೇಕಲ್ಲ?"

ಆಮೇಲೆ ಅವಳು ಜೋಳ ಕೇರತೊಡಗಿದಳು. ನನಗೆ ಅಳು ಬಂತು. ಆದರೆ ಹೆದರಿಕೆ ಹೋಗಲಿಲ್ಲ, ನಿಜ ಹೇಳುತ್ತೇನೆ, ಇನ್ನೂ ಹೆಚ್ಚಾಯಿತು. ಅಲ್ಲಿಯವರೆಗೆ ಅವಳು ಸುಮ್ಮನೆ ಗಾಳಿಗೆ ಓ ಎನ್ನುತ್ತಾಳೆ ಎಂದುಕೊಂಡಿದ್ದೆ. ಈಗ ಯಾರಿಗೆ ಎಂದು ಗೊತ್ತಾಯಿತಲ್ಲ.

ಸ್ವಲ್ಪ ದಿನಕ್ಕೆ ಸಂತೆ ಮುಗಿಸಿ ಬರುವಾಗ ಬಸ್ಸು ತಡವಾಯಿತು. ಕೊಳ್ಳಕ್ಕೆ ಇಳಿಯುವಷ್ಟರಲ್ಲಿ ಬಿಸಿಲು ಗುಡ್ಡದ ನೆತ್ತಿಗೆ ಹೋಗಿತ್ತು. ಅತ್ತೆ ದಾರಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕಿವಿ ಕೊಟ್ಟಳು. ಏಳಲೇ ಇಲ್ಲ. ನಾನು ಮೊದಲೇ ತಾಳ್ಮೆಗೆಟ್ಟವಳು, ಮೇಲೆ ಹೆದರಿಕೆ ಬೇರೆ. ನೀನು ಕೂತಿರು, ನಾನು ಹೋಗುತ್ತೇನೆ ಎಂದು ಚೀಲ ಬೀಸುತ್ತ ದಡದಡ ನಡೆದೆ. ಕಾಲುದಾರಿ ಎಂದೇ ನಡೆದೆ. ಬಾರಿಗಿಡದ ಬುಡಕ್ಕೆ ಬಂದಾಗ ತಿಳಿಯಿತು, ಆಡಿನ ದಾರಿ ನನಗೆ ಮೋಸ ಮಾಡಿದೆ.

ತಿರುಗಲು ಹೋದೆ, ಕಾಲಡಿ ಗರಸುಕಲ್ಲು ಜಾರಿತು. ಕೆಳಗೆ ಬಂದು ಬಿದ್ದಾಗ ಬಲಗಾಲು ಊರಲು ಬರುತ್ತಿರಲಿಲ್ಲ. ಬೆನ್ನ ಹಿಂದೆ ಒಂದು ದೊಡ್ಡ ಚಪ್ಪಡಿಗಲ್ಲು, ಅದರ ಅಡಿಯಲ್ಲಿ ಮನುಷ್ಯ ಮಲಗುವಷ್ಟು ನೆರಳು. ನವಿಲುಗಳೂ ಸುಮ್ಮನಾಗಿದ್ದವು. ಅತ್ತೆಯನ್ನು ಕೂಗಬೇಕೆಂದು ಬಾಯಿ ತೆರೆದೆ, ಕೂಗಲಿಲ್ಲ. ಕೂಗಿದರೆ ಯಾರು ಓ ಎನ್ನುತ್ತಾರೋ ಎಂಬ ಹೆದರಿಕೆ. ಹಲ್ಲು ಕಚ್ಚಿಕೊಂಡು ಕೂತೆ. ಹಿಂದಿನ ನೆರಳಿನ ಕಡೆ ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ.

ಆಗ ಮೇಲಿನಿಂದ ಕೇಳಿಸಿತು. "ಓ, ಬಂದ್ನಿ!" ಇದು ಆ ಮೆಲ್ಲಗಿನ ಓ ಅಲ್ಲ. ಹೊಲದ ಆಚೆ ಇರುವವರಿಗೆ ಕೂಗುತ್ತಾರಲ್ಲ, ಹಾಗೆ. ಮತ್ತೆ ಹತ್ತಿರದಿಂದ, "ಬಂದ್ನಿ, ಬಂದ್ನಿ." ಕಲ್ಲುಗಳು ಉರುಳಿದವು. ಸೀರೆ ಮೊಣಕಾಲಿಗೆ ಎತ್ತಿಕೊಂಡು ಅತ್ತೆ ನೆಟ್ಟಗೆ ನನ್ನ ಕಡೆಗೇ ಇಳಿದು ಬಂದಳು. ದಾರಿಯಿಂದ ಅಷ್ಟು ದೂರದ ಆ ಮೂಲೆಗೆ, ಒಮ್ಮೆಯೂ ಹುಡುಕದೆ.

ನನ್ನನ್ನು ನೋಡಿ ನಿಂತುಬಿಟ್ಟಳು. ಆಮೇಲೆ ನನ್ನ ಹಿಂದಿನ ಕಲ್ಲನ್ನು ನೋಡಿದಳು.

"ನಾ ಕರೀಲಿಲ್ಲ ಅತ್ತಿ" ಎಂದೆ. ಯಾಕೆ ಹಾಗೆಂದೆನೋ.

"ನೀ ಅಲ್ಲ" ಎಂದಳು. "ನನ್ನ ಹೆಸರ ಹಿಡದು ಕರದ್ರು."

ಕಲ್ಲಿನ ಹತ್ತಿರ ಹೋಗಿ ಅದರ ಮೈಮೇಲೆ ಕೈಯಿಟ್ಟಳು. ಆಮೇಲೆ ಮೂಗು ಸೀಟಿಕೊಂಡು, ನನ್ನ ರಟ್ಟೆ ಹಿಡಿದು ಎಬ್ಬಿಸಿ, ಕಣ್ಣು ಎಲ್ಲಿಟ್ಟುಕೊಂಡು ನಡೆಯುತ್ತೀ ಎಂದು ಊರವರೆಗೂ ಬೈದಳು. ಏರು ಹತ್ತುವಾಗ ಹಿಂದೆ ಒಂದು ನವಿಲು ಕೂಗಿತು. ಅತ್ತೆ ಓ ಎನ್ನಲಿಲ್ಲ. ಮರುದಿನದಿಂದ ಗಾಡಿದಾರಿ ಹಿಡಿದಳು.

ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಬೀಳುವಾಗ ಚೀರಿರಬಹುದು, ಕೊಳ್ಳ ಅದನ್ನು ಬೇರೆ ಮಾಡಿ ಅವಳಿಗೆ ಮುಟ್ಟಿಸಿರಬಹುದು. ಇರಬಹುದಪ್ಪ. ಆದರೆ ನನ್ನ ಬಾಯಲ್ಲಿ ಅವಳು ಎಂದೂ ಬರೀ ನೀಲಾ ಅಲ್ಲ. ಈಗ ಅತ್ತೆಯ ಕೈಗೂ ಮೊಬೈಲು ಬಂದಿದೆ. ರಿಂಗಾದರೆ ಎತ್ತುವುದೇ ಇಲ್ಲ, ಬೇಕಾದವರು ಮತ್ತ ಮಾಡ್ತಾರ ಬಿಡು ಎನ್ನುತ್ತಾಳೆ. ಅವಳ ರೂಢಿ ಅವಳನ್ನು ಬಿಟ್ಟು ನನಗೆ ಗಂಟುಬಿದ್ದಿದೆ.

ನಮ್ಮವರು ಇದನ್ನೆಲ್ಲ ಕೇಳಿ, ರೊಟ್ಟಿ ತಿಂದು ಅಂಗಡಿಗೆ ಹೋದರು. ಹೇಳಬಾರದಿತ್ತೇನೋ ಎಂದು ನನಗೆ ದಿನವಿಡೀ ಕಸಿವಿಸಿ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಗಿತ್ತು. ಒಳಗೆ ಕಡ್ಡಿಪೆಟ್ಟಿಗೆ ತಡಕುತ್ತಿದ್ದೆ. ಹಿತ್ತಲಿನ ಕತ್ತಲೆಯಿಂದ ನನ್ನ ಹೆಸರು ಕೇಳಿಸಿತು. ಅವರದೇ ದನಿ. ಅವರು ಎಂದೂ ಕರೆಯದ ಹೆಸರು.

ಎರಡನೆಯದಕ್ಕೂ ಕಾಯದೆ ಅಂದೆ, "ಓ, ಬಂದ್ನಿ." ಕತ್ತಲೆಯಲ್ಲೇ ಹೊಸ್ತಿಲು ಎಡವಿ ಓಡಿದೆ. ಅವರು ಬಾವಿಕಟ್ಟೆಯ ಹತ್ತಿರ ಸುಮ್ಮನೆ ನಿಂತಿದ್ದರು.

"ಏನಾತ್ರಿ?"

"ಏನಿಲ್ಲ. ಕರದ ನೋಡಿದೆ." ಬೇರೆ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದರು. "ನಾಳಿ ಎಲ್ಲ್ಯಾದ್ರೂ ಬಿದ್ದು ಕರದೆ ಅಂದ್ರ, ನಾನೋ ಅಲ್ಲೋ ಅಂತ ನೀ ಅಂಜಬಾರದಲ್ಲ?"

ಇನ್ನೊಂದು ಸಲ ಕರೆಯಿರಿ ಎಂದೆ. ನಾಚಿಕೊಂಡು ಕರೆದರು. ಓ ಎಂದೆ. ಇನ್ನು ಸಾಕು ಎಂದು ಒಳಗೆ ಹೊರಟವರ ಅಂಗಿಯ ತೋಳು ಹಿಡಿದು ನಿಲ್ಲಿಸಿದೆ.

"ಮೂರನೇದು ಬಾಕಿ ಇಡಬ್ಯಾಡ್ರಿ."