ಇಲಿ ಹೋಗಬೇಕು, ಇಲ್ಲ ಕಾರು ಹೋಗಬೇಕು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿದರೆ ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಮೂರನೆಯ ಮಹಡಿಯ ಯುವಕ ಬಟ್ಟೆ ಹೊದಿಸಿ ನಿಲ್ಲಿಸಿರುವ ಹಳೇ ಜೀಪಿನಿಂದ ಅದು ಬರುತ್ತಿತ್ತು. ಇಲಿ ಓಡಿಸಲು ಹಾಕಿದ್ದಾನೆಂದು ತಕ್ಷಣ ಗೊತ್ತಾಯಿತು. ಜೀಪನ್ನು ಮೊದಲು ಹೊರಗೆ ಹಾಕಿಸಿ ಎಂದು ಎಲ್ಲರೂ ಗೊಣಗುತ್ತಾರೆ, ನಾನೂ ಗೊಣಗಿದ್ದೇನೆ. ಆದರೆ ಆ ವಾಸನೆ ಇದೆಯಲ್ಲ, ಅದು ನನ್ನನ್ನು ನೇರವಾಗಿ ಹೈದರಾಬಾದಿನ ಮಲ್ಕಾಜ್‌ಗಿರಿಯ ಒಂದು ಶೆಡ್ಡಿಗೆ ಕರೆದೊಯ್ದಿತು. ನೀವೂ ಬನ್ನಿ.

ಹೈದರಾಬಾದಿನಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನ ಜೊತೆಗಿದ್ದವರೆಲ್ಲ ಹೊಸ ಕಾರು ಬುಕ್ ಮಾಡುತ್ತಿದ್ದರೆ, ನಾನು ಪಟಾನ್‌ಚೆರುವಿನ ಕಾರ್ಖಾನೆಯೊಂದರ ಹರಾಜಿನಲ್ಲಿ ಓಡದ ಅಂಬಾಸಿಡರ್ ಕೊಂಡೆ. ಬಿಚ್ಚಿ, ತೊಳೆದು, ಜೋಡಿಸಿ ನನ್ನ ಕೈಯಾರೆ ಓಡಿಸಬೇಕೆಂಬ ಹುಚ್ಚು. ಊರೆಲ್ಲ ಮುಂದಕ್ಕೆ ಹೋದರೆ ನಮ್ಮ ಹುಡುಗಿ ಹಿಂದಕ್ಕೆ ಹೊರಟಿದ್ದಾಳೆ ಎಂದು ಮೈಸೂರಿನಿಂದ ಅಪ್ಪ ಫೋನಿನಲ್ಲಿ ನಕ್ಕರು. ಭಾನುವಾರಗಳೆಲ್ಲ ಗ್ರೀಸಿನಲ್ಲಿ ಕಳೆದು ಎಂಜಿನ್ ಕೆಲಸವೇನೋ ಮುಗಿಯಿತು. ವೈರು ಮಾತ್ರ ಮುಗಿಯಲಿಲ್ಲ. ನಾನು ಹೊಸದು ಹಾಕಿದಷ್ಟೂ ಇಲಿಗಳು ಕಡಿಯುತ್ತಿದ್ದವು.

ಶೆಡ್ಡು ನಮ್ಮ ಮನೆಯೊಡತಿ ಶಾರದಾ ಕಾಕು ಅವರದು. ಕಲಬುರಗಿ ಕಡೆಯವರು, ರೈಲ್ವೆ ಗಾರ್ಡ್ ಒಬ್ಬರ ಹೆಂಡತಿ. ಓಣಿಯಲ್ಲಿ ತೆಲುಗು, ತರಕಾರಿಯವನ ಹತ್ತಿರ ಹಿಂದಿ, ನನ್ನ ಹತ್ತಿರ ಮಾತ್ರ ತವರಿನ ಕನ್ನಡ. ಒಂದು ದಿನ ನನ್ನ ಕಾರಿನಿಂದ ಹೊರಟ ಇಲಿಯೊಂದು ಅವರ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ಕೈಯಲ್ಲಿದ್ದ ಸೌಟನ್ನೂ ಕೆಳಗಿಡದೆ ಬಂದರು.

"ನೋಡು ತಂಗಿ, ಇಲಿ ಹೋಗಬೇಕು, ಇಲ್ಲಂದ್ರ ಕಾರು ಹೋಗಬೇಕು. ಯುಗಾದಿ ತನಕ ನೋಡ್ತೀನಿ, ಆಮ್ಯಾಲ ಗುಜರಿಯವನ್ನ ಕರೀತೀನಿ."

ಶುರುವಾಯಿತು ನೋಡಿ ಯುದ್ಧ. ಮೊದಲು ನುಸಿಗುಳಿಗೆ. ಅದರಿಂದ ಓಡಿಹೋದವರು ನನ್ನ ಸಹೋದ್ಯೋಗಿಗಳು; ಮೀಟಿಂಗಿನಲ್ಲಿ ನನ್ನ ಅಕ್ಕಪಕ್ಕದ ಕುರ್ಚಿಗಳು ಖಾಲಿ ಉಳಿಯತೊಡಗಿದವು. ಬೋನಿನಲ್ಲಿ ಈರುಳ್ಳಿ ಬಜ್ಜಿ ಸಿಕ್ಕಿಸಿಟ್ಟರೆ ಬಜ್ಜಿ ಹೋಯಿತು, ಇಲಿ ಸಿಗಲಿಲ್ಲ. ಬಜ್ಜಿಯ ಚೂರಿಗೆ ಇರುವೆ ಮುತ್ತಿದವೆಂದು ನಾಲ್ಕೂ ಚಕ್ರದ ಸುತ್ತ ಇರುವೆ ಕೊಲ್ಲುವ ಚಾಕಪೀಸಿನ ಗೆರೆ ಎಳೆದರೆ ಅವು ಕಾರಿಗೆ ಹೊದಿಸಿದ ಟಾರ್ಪಾಲಿನ ಹಗ್ಗದ ಮೇಲಿಂದ ಇಳಿದು ಬಂದವು. ಕೊನೆಗೆ ಕೆಂಡಕ್ಕೆ ಲೋಬಾನ ಸುರಿದು ಕಾರಿನ ತುಂಬ ಹೊಗೆ ಹಾಕಿದೆ. ಜಿರಲೆಗಳು ಮೀಟರಿನ ಹಿಂದಿನಿಂದ ಪಂಢರಪುರಕ್ಕೆ ದಿಂಡಿ ಹೊರಟಂತೆ ಹೊರಟವು. ಕಾರಿಗೆ ಬೆಂಕಿ ಬಿತ್ತೆಂದು ಪಕ್ಕದ ಮನೆಯವರು ಬಕೆಟ್ ಹಿಡಿದು ಓಡಿಬಂದರು. ಇಲಿಗಳು ಕೆಮ್ಮಲೂ ಇಲ್ಲ. ಪಾಷಾಣ ಇಡಲು ಕಾಕುವೇ ಬಿಡಲಿಲ್ಲ. ಸೀಟಿನೊಳಗೆ ಸತ್ತರೆ ಆ ನಾತವನ್ನು ಯಾರು ಕುಡಿಯಬೇಕು ಎಂದರು. ಸೋಲುತ್ತಿದ್ದೆ ನಿಜ, ಆದರೆ ಅಷ್ಟು ಹುರುಪಿನಿಂದ ನಾನು ಬದುಕಿನಲ್ಲಿ ಇನ್ಯಾವುದಕ್ಕೂ ಸೋತಿಲ್ಲ.

ಯುಗಾದಿಯ ಹಿಂದಿನ ದಿನ ಕೆಲಸಕ್ಕೆ ರಜೆ ಹಾಕಿ ಹಿಂದಿನ ಸೀಟನ್ನೇ ಬಿಚ್ಚಿ ಕೂತೆ. ಒಳಗಿನ ತೆಂಗಿನ ನಾರೆಲ್ಲ ಸಿಗಿದು ಭರ್ಜರಿ ಗೂಡು ಕಟ್ಟಿದ್ದವು. ಗೂಡಿನ ಸುತ್ತ ಚುರುಮುರಿ, ಬೆಲ್ಲದ ಚೂರು, ಅಲ್ಲಲ್ಲಿ ಕುಂಕುಮ ಮೆತ್ತಿದ ಕೊಬ್ಬರಿ. ನಾನಂತೂ ಕಾರಿನಲ್ಲಿ ಬಿಸ್ಕತ್ತೂ ತಿಂದವಳಲ್ಲ. ಇದೆಲ್ಲ ಎಲ್ಲಿಂದ ಬಂತೆಂದು ತಲೆ ಕೆರೆದುಕೊಳ್ಳುತ್ತಿರುವಾಗ ಶೆಡ್ಡಿನ ಬಾಗಿಲು ಮೆಲ್ಲಗೆ ತೆರೆಯಿತು. ಕಾಕು ನಿಂತಿದ್ದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ನಿಂಬೆಹಣ್ಣು, ಚುರುಮುರಿ, ಬೆಲ್ಲ.

ಅಂದು ಅಮಾವಾಸ್ಯೆ. ಅವರ ಕಡೆ ಅಮಾವಾಸ್ಯೆಗೆ ಗಾಡಿ ಪೂಜೆ ತಪ್ಪುವಂತಿಲ್ಲ. ನಾನು ಆಫೀಸಿಗೆ ಹೋದ ಮೇಲೆ ಪ್ರತಿ ತಿಂಗಳೂ ಬಂದು ಕಾಯಿ ಒಡೆದು, ಮುರಿದ ಕಿಟಕಿಯ ಸಂದಿಯಲ್ಲಿ ಕೈ ತೂರಿಸಿ ನೈವೇದ್ಯವನ್ನು ಒಳಗಿಟ್ಟು ಹೋಗುತ್ತಿದ್ದರಂತೆ. ಸಂಜೆ ನಾನು ಬರುವಷ್ಟರಲ್ಲಿ ಇಲಿಗಳು ಅದನ್ನು ಬಳಿದು ಗೂಡಿಗೆ ಸಾಗಿಸುತ್ತಿದ್ದವು. ನನಗೆ ನಗು, ಸಿಟ್ಟು ಒಟ್ಟಿಗೇ ಬಂತು. ಉಣ್ಣಲು ಇಕ್ಕುವವರೂ ನೀವೇ, ಓಡಿಸು ಎನ್ನುವವರೂ ನೀವೇ, ಗುಜರಿಗೆ ಹಾಕುವ ಕಾರಿಗೆ ಪೂಜೆ ಯಾಕೆ ಕಾಕು ಎಂದೆ.

ಅವರು ಬಿಚ್ಚಿಟ್ಟ ಸೀಟಿನ ಮೇಲೆ ಕುಳಿತರು. "ಲಗ್ನ ಆದಾಗಿಂದ ರೈಲಿನ ಪಾಸಿನ್ಯಾಗ ತಿರುಗೇನಿ ತಂಗಿ. ಹಸಿರು ನಿಶಾನಿ ಅವರು ತೋರಸ್ತಾರ, ನಾ ಕುಂದರತೀನಿ. ಗಾಡಿ ಮುಂದ ಕುಂತು, ಇಲ್ಲಿ ಒಂಚೂರು ನಿಲ್ಲಸು ಅಂತ ಒಮ್ಮಿನೂ ಹೇಳಿಲ್ಲ. ನಿನ್ನ ಕಾರು ಎದ್ದರ ಹೇಳಬೇಕಂತ ಬೇಡಕೊಂಡಿದ್ದೆ."

ಇನ್ನು ಮಾತಿಗೆ ಪುರಸೊತ್ತಿರಲಿಲ್ಲ. ಕಾಯಿಯನ್ನು ಹೊರಗೇ ಒಡೆದು, ಪ್ರಸಾದವನ್ನು ನಾವಿಬ್ಬರೇ ತಿಂದು ಮುಗಿಸಿದೆವು. ಗೂಡು ಕಿತ್ತು ಸುಟ್ಟೆವು, ಕಾರಿನ ಹೊಟ್ಟೆಯನ್ನೆಲ್ಲ ಫಿನಾಯಿಲಿನಿಂದ ತೊಳೆದೆವು. ಇದ್ದಬದ್ದ ತೂತುಗಳಿಗೆ ಕಾಕು ಪಾತ್ರೆ ತಿಕ್ಕುವ ತಂತಿಯ ಉಂಡೆಗಳನ್ನು ತುರುಕಿದರು. ನಾನು ಹೊಸ ವೈರು ಎಳೆದೆ. ಇಲಿಗಳು ಬೇರೆ ಮನೆ ನೋಡಿಕೊಂಡವು.

ಯುಗಾದಿಯ ಬೆಳಿಗ್ಗೆ ಕಾರು ಒಂದೆರಡು ಸಲ ಗೊರಗುಟ್ಟಿ, ಆಮೇಲೆ ಓಣಿಗೆಲ್ಲ ಕೇಳುವಂತೆ ಎದ್ದಿತು. ನನಗೆ ಕಣ್ಣಲ್ಲಿ ನೀರೇ ಬಂತು. ಕಾಕು ಇಳಕಲ್ ಸೀರೆಯುಟ್ಟು ಮುಂದೆ ಕೂತರು. ಟೇಲರ್ ಅಂಗಡಿ ಮುಂದೆ ನಿಲ್ಲಿಸು ಎಂದರು, ನಿಲ್ಲಿಸಿದೆ. ಅಂಗಡಿ ಮುಚ್ಚಿತ್ತು. ಸ್ಟೇಷನ್ನಿನ ಮುಂದೆ ನಿಲ್ಲಿಸು ಎಂದರು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಒಂದು ಬೇವಿನ ಮರದ ಕೆಳಗೂ ನಿಲ್ಲಿಸಿದ್ದಾಯಿತು. ಇಲ್ಲಿ ಏನು ಕೆಲಸ ಕಾಕು ಎಂದು ಕೇಳಿದೆ.

"ಏನಿಲ್ಲ," ಎಂದರು. "ನಿಂತಿತಲ್ಲ, ಸಾಕು."

ಮೊನ್ನೆ ಆ ನೆಲಮಾಳಿಗೆಯಿಂದ ನಾನು ಮನೆಗೆ ಹೋಗಲಿಲ್ಲ. ಮೂರನೆಯ ಮಹಡಿಗೆ ಹೋಗಿ ಕರೆಗಂಟೆ ಒತ್ತಿದೆ. ನನ್ನನ್ನು ಕಂಡದ್ದೇ ಯುವಕನ ಮುಖ ಇಳಿಯಿತು; ಮುಂದಿನ ವಾರವೇ ಜೀಪು ತೆಗೆಸುತ್ತೇನೆ ಎಂದು ಬಡಬಡಿಸಿದ. ಅದು ಎದ್ದರೆ ಮುಂದಿನ ಸೀಟಿನಲ್ಲಿ ಕೂರಬೇಕೆಂದು ಯಾರಾದರೂ ಕಾಯುತ್ತಿದ್ದಾರಾ ಎಂದು ಕೇಳಿದೆ. ಅವನು ನಾಚಿ, ಹೌದೆಂದು ತಲೆಯಾಡಿಸಿದ. ಹಾಗಾದರೆ ಸ್ಪ್ಯಾನರ್ ತಾ, ಮೊದಲು ಹಿಂದಿನ ಸೀಟು ಬಿಚ್ಚೋಣ ಎಂದೆ.