ಬೆನ್ನ ಹಿಂದಿನ ಪಿನ್ನು

ನನ್ನ ಎಡಗೈ ಬಳೆಗೆ ಯಾವಾಗಲೂ ಒಂದು ಸೇಫ್ಟಿ ಪಿನ್ ತೂಗಾಡುತ್ತಿರುತ್ತದೆ. ಚಿನ್ನದ ಬಳೆಗೆ ಈ ತಗಡಿನ ಒಡವೆ ಏಕೆಂದು ಮೊಮ್ಮಕ್ಕಳು ಹಾಸ್ಯ ಮಾಡಿದರೆ, ಹರಿದ ಸೆರಗು, ಕಿತ್ತುಹೋದ ಗುಂಡಿ, ಜಾರುವ ಲಂಗ ಎಲ್ಲಕ್ಕೂ ಇದೇ ನನ್ನ ಫಸ್ಟ್ ಏಡ್ ಎಂದು ನಕ್ಕು ಸುಮ್ಮನಾಗುತ್ತೇನೆ. ನಿಜವಾದ ಕಾರಣ ಸ್ವಲ್ಪ ಉದ್ದದ್ದು. ನಿಮಗಾದರೆ ಕೇಳುವ ವ್ಯವಧಾನವಿದೆ, ಹೇಳುತ್ತೇನೆ.

ಅರವತ್ತರ ದಶಕದ ಮಾತು. ಮೈಸೂರಿನ ಕಾನ್ವೆಂಟಿನಲ್ಲಿ ಓದಿ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದ ನನ್ನನ್ನು ಇಲ್ಲಿನ ಮಹಿಳಾ ಸಮಾಜದವರು ಬಂದ ವರ್ಷವೇ ಸೆಕ್ರೆಟರಿ ಮಾಡಿಬಿಟ್ಟರು. ಯೋಗ್ಯತೆ ನೋಡಿಯಲ್ಲ, ಇಂಗ್ಲಿಷಿನಲ್ಲಿ ಕಾಗದ ಬರೆಯಬಲ್ಲವಳು ನಾನೊಬ್ಬಳೇ ಎಂದು. ಭಜನೆ ಹೊಲಿಗೆಗಳಲ್ಲಿ ಹಾಯಾಗಿದ್ದ ನಮ್ಮ ಸಮಾಜ ಆಗಷ್ಟೇ ಮಧುವನಹಳ್ಳಿಯಲ್ಲಿ ಒಂದು ಶಿಶುವಿಹಾರ ತೆರೆದಿತ್ತು: ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಮಧ್ಯಾಹ್ನ ಬಿಸಿ ಅನ್ನ, ಒಂದು ಲೋಟ ಹಾಲು, ನೆರಳಿನಲ್ಲಿ ನಿದ್ದೆ. ಖರ್ಚು ಬೆಂಗಳೂರಿನ ಒಂದು ದಾನಸಂಸ್ಥೆಯದು. ಒಂದು ದಿನ ಆ ಸಂಸ್ಥೆಯಿಂದ ಕಾಗದ ಬಂತು. ನೆರವು ಪಡೆಯುತ್ತಿರುವ ಮಕ್ಕಳ ಫೋಟೋ ಕಳಿಸಬೇಕಂತೆ. ಅದನ್ನು ನೋಡಿ ಮುಂದಿನ ವರ್ಷದ ಗ್ರಾಂಟ್ ತೀರ್ಮಾನವಂತೆ.

ನನಗೆ ಮಾದೇವಿಯ ಚಿಂತೆ ಹತ್ತಿತು. ಶಿಶುವಿಹಾರಕ್ಕೆ ಮಗನನ್ನು ಕಳಿಸುತ್ತಿದ್ದ ಸಿದ್ದಮ್ಮನ ಹಿರಿಮಗಳು ಅವಳು, ಎಂಟು ವರ್ಷದವಳು. ತಮ್ಮ ಬಸವನನ್ನು ಸೊಂಟದ ಮೇಲೆ ಹೊತ್ತು ಶಾಲೆಯ ಕಿಟಕಿಯಾಚೆ ನಿಂತೇ ಮಗ್ಗಿ ಕಲಿತಿದ್ದ ಹುಡುಗಿ ಈಗ ತಮ್ಮನನ್ನು ನಮ್ಮಲ್ಲಿ ಬಿಟ್ಟು ಕಿಟಕಿಯೀಚೆ, ತರಗತಿಯೊಳಗೇ ಕೂರುತ್ತಿದ್ದಳು. ಗ್ರಾಂಟ್ ನಿಂತರೆ ತಮ್ಮ ಮತ್ತೆ ಅವಳ ಸೊಂಟಕ್ಕೆ, ಅವಳು ಮತ್ತೆ ಹೊರಕ್ಕೆ.

ದಿನ ಗೊತ್ತುಮಾಡಿ, ತಾಯಂದಿರಿಗೆ ಹೇಳಿಕಳಿಸಿ, ಕೊಳ್ಳೇಗಾಲದ ಸ್ಟುಡಿಯೋದವರನ್ನು ಕರೆದುಕೊಂಡು ಹೋದೆ. ನೋಡಿದರೆ ಶಿಶುವಿಹಾರದ ಮುಂದೆ ಮದುವೆ ದಿಬ್ಬಣ! ನೇಯ್ಗೆಯವರ ಮನೆಯಲ್ಲಿ ರೇಷ್ಮೆ ನೂಲು ಸುತ್ತುವ ಕೆಲಸಕ್ಕೆ ಹೋಗುತ್ತಿದ್ದ ಸಿದ್ದಮ್ಮ, ಆ ಬೀದಿಯ ಮಕ್ಕಳ ಜರಿಯಂಚಿನ ಲಂಗಗಳನ್ನೆಲ್ಲ ಒಂದು ಬೆಳಗಿನ ಮಟ್ಟಿಗೆ ಕೇಳಿ ತಂದಿದ್ದಳು. ಸಿಕ್ಕಿದ್ದು ಲಂಗಗಳೇ ಆದ್ದರಿಂದ ಗಂಡುಮಕ್ಕಳಿಗೂ ಅವೇ. ಅಳತೆ ಮೀರಿದ ರೇಷ್ಮೆ ಜಾರದ ಹಾಗೆ ಪ್ರತಿ ಬೆನ್ನ ಹಿಂದೆ ನೆರಿಗೆಯ ಗಂಟು, ಗಂಟಿಗೊಂದು ಪಿನ್ನು.

"ಏನಿದು ಸಿದ್ದಮ್ಮ? ದಿನಾ ಬರುವ ಹಾಗೇ ಕರಕೊಂಡು ಬನ್ನಿ ಅಂದಿದ್ದೆನಲ್ಲ!"

"ಪೋಟಾ ಇಡಿಸಕ್ಕೆ ಅರ್ಕಲು ಬಟ್ಟೆ ಆಕ್ಕಂಡ್ ಬಂದಾರಾ ಅಮ್ಮಾವ್ರೇ?"

"ಬಡಮಕ್ಕಳು ಅಂತ ಅವರಿಗೆ ಗೊತ್ತಾಗಬೇಡವೇ?"

"ಗೊತ್ತಿಲ್ದೇನೇ ಅಕ್ಕಿ ಕಳುಸ್ತಾವ್ರಾ? ಅನ್ನ ಇಕ್ಕಿದೋರ್ ಮುಂದ ನಮ್ ಐಕ್ಳ ತಿರ್ಕಂಡ್ ತಿನ್ನೋರಂಗ್ ನಿಲ್ಲುಸ್ಬೇಕಾ? ನಿಮ್ ಮಗೀನ ಅಂಗ್ ನಿಲ್ಲುಸ್ತಿದ್ರಾ, ಏಳಿ ನೋಡುವ?"

ಅಷ್ಟರಲ್ಲಿ ಸಿದ್ದಮ್ಮನ ಪಕ್ಕ ನಿಂತಿದ್ದ ತಾಯಿಯೊಬ್ಬಳು, "ಬುಡಮ್ಮಿ ಸಿದ್ದಿ, ನಿನ್ ಬಸ್ವ ಮದ್ಲಿಂಗಿತ್ತಿಯಂಗವ್ನೆ, ಮದ್ಲು ಗಂಡು ನೋಡು!" ಎಂದಳು. ನಗುವಿನ ನಡುವೆ ನಾಚಿಕೆ ಉಳಿದದ್ದು ನನಗೊಬ್ಬಳಿಗೇ. ಚಾರಿಟಿ ಎಂಬ ಪದದ ಸ್ಪೆಲಿಂಗ್ ಬಲ್ಲ ನಾನು ಅದನ್ನು ಪಡೆಯುವವರ ಕಡೆಯಿಂದ ಒಮ್ಮೆಯೂ ಓದಿರಲಿಲ್ಲ. ಹಾಗೇ ತೆಗೆಯಿರಿ ಎಂದು ಸ್ಟುಡಿಯೋದವರಿಗೆ ಹೇಳಿದೆ. ಕ್ಯಾಮೆರಾ ಕಣ್ಣು ತೆರೆದ ಕ್ಷಣವೇ ಪಿನ್ನು ಚುಚ್ಚಿ ಬಸವ ತಿರುಗಿಬಿಟ್ಟ.

ಫೋಟೋ ಜೊತೆಗಿನ ಕಾಗದದಲ್ಲಿ "ಪೂರ್ ಅಂಡ್ ಡೆಸ್ಟಿಟ್ಯೂಟ್" ಎಂದು ಶುರುಮಾಡಿದವಳು ಹೊಡೆದುಹಾಕಿ, ಇದ್ದದ್ದನ್ನೇ ಬರೆದೆ: ರೇಷ್ಮೆ ಎರವಲಿನದು, ಹಸಿವು ಸ್ವಂತದ್ದು, ನಿಮ್ಮೆದುರು ಚೆನ್ನಾಗಿ ಕಾಣಬೇಕೆಂಬುದು ತಾಯಂದಿರ ಮರ್ಯಾದೆ. ಅಂಚೆಗೆ ಹಾಕಿದ ಮೇಲೆ ಅಳುಕು ಶುರುವಾಯಿತು. ಮೂರು ವಾರ ಮಾದೇವಿಯ ಸ್ಲೇಟನ್ನು ನೋಡುವ ಧೈರ್ಯವೂ ಆಗಲಿಲ್ಲ.

ಕೊನೆಗೆ ಬಂದ ಉತ್ತರದಲ್ಲಿ ಇದ್ದದ್ದು ಇಷ್ಟು: ಫೋಟೋ ತಲುಪಿದೆ. ಎಡದಿಂದ ಮೂರನೆಯ ಮಗು ಮಸುಕಾಗಿದೆ, ಮುಂದಿನ ಸಲ ಅಲುಗಾಡದಂತೆ ನೋಡಿಕೊಳ್ಳುವುದು. ಗ್ರಾಂಟ್ ಮುಂದುವರಿಸಲಾಗಿದೆ. ರೇಷ್ಮೆಯ ಸುದ್ದಿಯೇ ಇಲ್ಲ! ನಾನು ಹೊಸ್ತಿಲ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕದ್ದನ್ನು ಕಂಡು, ನಮ್ಮ ಅತ್ತೆ ಯಾರಿಗೇನಾಯಿತೆಂದು ಓಡಿ ಬಂದರು.

ಆ ಫೋಟೋದ ಒಂದು ಪ್ರತಿ ನನ್ನ ಬಳಿ ಇದೆ. ನೋಡಿದಾಗಲೆಲ್ಲ ಅದರಲ್ಲಿ ಇಲ್ಲದವಳೇ ನನಗೆ ಕಾಣುತ್ತಾಳೆ. ನಮ್ಮ ಶಿಶುವಿಹಾರದಿಂದ ಅತ್ಯಂತ ಹೆಚ್ಚು ಪಡೆದವಳು ಮಾದೇವಿ. ಆ ಹೊತ್ತಿನಲ್ಲಿ ಅವಳು ಶಾಲೆಯಲ್ಲಿದ್ದಳು. ಇಂಪ್ಯಾಕ್ಟ್ ತೋರಿಸಿ ಎನ್ನುವವರಿಗೆ ಈ ಗೈರುಹಾಜರಿಯನ್ನು ಯಾವ ಚೌಕಟ್ಟಿನಲ್ಲಿ ಕೂರಿಸಿ ತೋರಿಸುವುದು? ಆಮೇಲೆ ಹೊನ್ನೂರಿನಲ್ಲೊಂದು, ಕಾಡಂಚಿನ ಹೂಗ್ಯದಲ್ಲೊಂದು ಶಿಶುವಿಹಾರವಾಯಿತು. ನಮಗೂ ರಬ್ಬರ್ ಸ್ಟ್ಯಾಂಪು, ಲೆಟರ್‌ಹೆಡ್ಡು, ತಕ್ಕಷ್ಟು ಜಂಭ ಬಂದವು. ಬೆಳೆದ ಸಂಸ್ಥೆಗೆ ಮುಂದಿನ ಸಾಲಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ ಸಹಜವೇ. ನಮ್ಮ ಜಾಗ ಬೆನ್ನ ಹಿಂದೆ ಎಂಬುದು ಆಗಾಗ ಮರೆತುಹೋಗುತ್ತಿತ್ತು.

ನೆನಪಿಸಿದವಳು ಮಾದೇವಿಯೇ. ಎಪ್ಪತ್ತರ ದಶಕದಲ್ಲಿ ಅವಳು ಹೊನ್ನೂರಿನ ನಮ್ಮ ಶಿಶುವಿಹಾರಕ್ಕೆ ಟೀಚರಾಗಿ ಬಂದಳು. ನಾನು ಗತ್ತಿನಿಂದ ಇನ್‌ಸ್ಪೆಕ್ಷನ್ನಿಗೆ ಹೋಗಿ ಕೂತಿದ್ದಾಗ, ಅಕ್ಕನ ಲಂಗ ತೊಟ್ಟ ಪುಟ್ಟ ಹುಡುಗಿಯೊಂದು ಅದನ್ನು ಎರಡೂ ಕೈಯಲ್ಲಿ ಹಿಡಿದು ಒದ್ದಾಡುತ್ತಿತ್ತು. ಮಾದೇವಿ ಕೇಳಲೂ ಇಲ್ಲ. ನನ್ನ ಕೈ ಎಳೆದುಕೊಂಡು, ಸೆರಗಿಗೆ ಬೇಕಾದೀತೆಂದು ನಾನು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಆ ಮಗುವಿನ ಬೆನ್ನ ಹಿಂದೆ ಚುಚ್ಚಿದಳು.

"ಈ ವರ್ಸಕ್ಕಷ್ಟೇ ಅಮ್ಮಾವ್ರೇ. ಬರೋ ವರ್ಸಕ್ಕ ಇವ್ಳೇ ಬೆಳ್ಕತಾಳ, ಪಿನ್ನು ಬ್ಯಾಡ."

ಅಂದು ಬರಿಬಳೆಯಲ್ಲಿ ಊರಿಗೆ ಮರಳಿದೆ. ಮನೆಗೆ ಬಂದವಳೇ ಇನ್ನೊಂದು ಪಿನ್ನು ಸಿಕ್ಕಿಸಿಕೊಂಡೆ. ಈಗ ತೂಗಾಡುತ್ತಿರುವುದು ಅದರ ಮೊಮ್ಮಗಳೋ ಮರಿಮಗಳೋ ಇರಬೇಕು. ಮಕ್ಕಳ ಬೆನ್ನ ಹಿಂದೆ ಹೋದದ್ದು ಒಂದೂ ನನ್ನ ಕೈಗೆ ವಾಪಸು ಬಂದಿಲ್ಲ.